ರುಚಿ ನೋಡದೆ ಮಾಡಿದ ಸಾರು

ರಬ್ಬರ್ ಶೀಟಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ತಿಳಿಸಿ ಹೇಳುವುದು ಕಷ್ಟ. ಹೊಗೆ, ಹುಳಿ ಬಂದ ಹಾಲು, ಸರಿಯಾಗಿ ಒಣಗದ ಗೋಣಿಚೀಲ, ಇವು ಮೂರೂ ಒಂದೇ ಕೋಣೆಯಲ್ಲಿವೆ ಎಂದು ಎಣಿಸಿಕೊಂಡರೆ ಅರ್ಧ ತಿಳಿದಂತೆ. ಕಡಬ ಪೇಟೆಯಲ್ಲಿ ರಬ್ಬರ್ ಖರೀದಿಸುವ ಅಂಗಡಿಯೊಂದರಲ್ಲಿ ಬಿಲ್ಲು ಮಾಡುವ ಕೆಲಸಕ್ಕೆ ಸೇರಿದಾಗ ಮೊದಲ ವಾರವಿಡೀ ನಾನು ಮಧ್ಯಾಹ್ನದ ಬುತ್ತಿಯನ್ನು ಹಾಗೆಯೇ ಮನೆಗೆ ವಾಪಸು ತಂದಿದ್ದೆ. ಸಂಜೆ ಪೆರಾಬೆಯಲ್ಲಿ ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುವಾಗಲೇ ಮಗಳು ಮೂಗು ಮುಚ್ಚಿಕೊಂಡು, "ಅಮ್ಮ ಬಂದ್ರು" ಎಂದು ಒಳಗೆ ಕೂಗುತ್ತಿದ್ದಳು. ತಲೆಗೆ ಎಷ್ಟು ಶ್ಯಾಂಪೂ ಹಾಕಿದರೂ ಹೋಗದ ವಾಸನೆ ಅದು.

ಅಂಗಡಿಯಲ್ಲಿ ನಾವು ಇದ್ದದ್ದು ನಾಲ್ಕು ಜನ. ಧಣಿಗಳು ಬೆಳಿಗ್ಗೆ ಬಂದು ಒಂದು ಗಂಟೆ ಕುಳಿತು ಹೋದರೆ ಮತ್ತೆ ಕಾಣುವುದು ಬಾಗಿಲು ಹಾಕುವ ಹೊತ್ತಿಗೆ. ಕಂಪ್ಯೂಟರಿನ ಮುಂದೆ ನಾನು. ಶೀಟು ಹೊರುವುದಕ್ಕೆ, ಅಟ್ಟಿ ಹಾಕುವುದಕ್ಕೆ ಇಬ್ಬರು. ಅವರಲ್ಲಿ ಹಿರಿಯರು ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವವರು, ಅವರನ್ನು ಎಲ್ಲರೂ ಕಾಕ ಎನ್ನುತ್ತಿದ್ದೆವು. ಇನ್ನೊಬ್ಬರು ಸುಳ್ಯ ಕಡೆಯವರು, ಅರೆಭಾಷೆಯವರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾಲ್ಕನೆಯವರು ಗ್ರೇಡರಣ್ಣ. ಶೀಟಿನ ಗುಣಮಟ್ಟ ನೋಡಿ ಹೇಳುವುದು ಅವರ ಕೆಲಸ.

ಬಾಗಿಲಿನ ಬೆಳಕಿಗೆ ಬೆನ್ನು ಹಾಕಿ ನಿಂತವರನ್ನು ಅವರು ಮೊದಲು ಬದಿಗೆ ಸರಿಸುತ್ತಿದ್ದರು. ಆಮೇಲೆ ಶೀಟನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಒಳಗೆ ಗುಳ್ಳೆ ಉಂಟೇ, ಒಣಗದ ಬಿಳಿ ಉಳಿದಿದೆಯೇ, ಅಂಚಿಗೆ ಬೂಸ್ಟು ಹಿಡಿದಿದೆಯೇ, ಎಲ್ಲ ಒಂದು ಉಸಿರಿನಲ್ಲಿ ನೋಡಿ, "ನಾಲ್ಕು" ಎಂದೋ "ಐದು" ಎಂದೋ ಹೇಳಿ ಪಕ್ಕಕ್ಕೆ ಎಸೆಯುತ್ತಿದ್ದರು. ಐದಕ್ಕಿಂತ ಕೆಳಗೆ ಲಾಟು. ಅದಕ್ಕೂ ಕೆಳಗೆ ಸ್ಕ್ರ್ಯಾಪು, ಎಂದರೆ ಶೀಟೇ ಅಲ್ಲದ ಚೂರುಪಾರು. ನಮ್ಮ ಕಡೆ ಬರುವ ಒಳ್ಳೆಯ ಮಾಲೆಲ್ಲ ನಾಲ್ಕನೇ ಗ್ರೇಡು. ಅದಕ್ಕಿಂತ ಮೇಲಿನದು ಇಲ್ಲವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಒಂದನೇ ನಂಬರ್ ಇರುದು ಪೇಪರಿನಲ್ಲಿ ಮಾತ್ರ ಮಾರಾಯ್ರೆ, ನಾನು ಕಣ್ಣಲ್ಲಿ ಕಂಡದ್ದಿಲ್ಲ" ಎಂದಿದ್ದರು.

ಯಾರ ಮುಲಾಜೂ ಅವರಿಗಿರಲಿಲ್ಲ. ನನ್ನ ಸ್ವಂತ ಚಿಕ್ಕಪ್ಪ ಒಂದು ಜೀಪು ಶೀಟು ತಂದಾಗ ಅದರಲ್ಲಿ ಮುಕ್ಕಾಲು ಪಾಲನ್ನು ಲಾಟಿಗೆ ಹಾಕಿದರು. ಚಿಕ್ಕಪ್ಪ ನನ್ನ ಮುಖ ನೋಡಿದರು, ನಾನು ಗ್ರೇಡರಣ್ಣನ ಮುಖ ನೋಡಿದೆ. "ಲಾಟು ಲಾಟೇ ಅಲ್ವಾ" ಎಂದು ಅವರು ಮುಂದಿನ ಶೀಟು ಎತ್ತಿದರು. ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ನಿಧಾನ. ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಸಾರು ಶುರುವಾದದ್ದು ಒಂದು ಮಳೆಗಾಲದಲ್ಲಿ, ನನಗೆ ನೆಗಡಿಯಾಗಿ ಗಂಟಲು ಕಟ್ಟಿದ್ದಾಗ. ಹುರುಳಿ ಬೇಯಿಸಿದ ನೀರು ಬಸಿದು, ಬೆಂದ ಕಾಳು ಒಂದು ಹಿಡಿ ಅರೆದು ಅದಕ್ಕೇ ಸೇರಿಸಿ, ಹುಳಿ, ಖಾರ ಹಾಕಿ ಕುದಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕಪ್ಪಾಗುವವರೆಗೆ ಹುರಿದು ಒಗ್ಗರಣೆ ಕೊಟ್ಟು, ಫ್ಲಾಸ್ಕಿನಲ್ಲಿ ತುಂಬಿಸಿ ತಂದಿದ್ದೆ. ಹಿಂದಿನ ಕೋಣೆಯಲ್ಲಿ ಮುಚ್ಚಳ ತಿರುಗಿಸಿದ್ದೇ ತಡ, ಬೆಳ್ಳುಳ್ಳಿಯ ಘಮ ರಬ್ಬರಿನ ವಾಸನೆಯನ್ನು ಒತ್ತಿಕೊಂಡು ಎದ್ದಿತು. ಅಷ್ಟು ವರ್ಷದಲ್ಲಿ ಆ ಕೋಣೆಯೊಳಗೆ ರಬ್ಬರಿನದಲ್ಲದ ವಾಸನೆಯೊಂದು ಬಂದದ್ದು ಅದೇ ಮೊದಲು. ಮೂವರೂ ಬುತ್ತಿಯಿಂದ ತಲೆ ಎತ್ತಿದರು.

"ಎಂತ ಅದು, ಸೂಪಾ?" ಎಂದರು ಕಾಕ.

"ಕುಡು ಸಾರು" ಎಂದೆ. ಹುರುಳಿಗೆ ತುಳುವಿನಲ್ಲಿ ಕುಡು ಎನ್ನುತ್ತಾರೆ, ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು. ಇದ್ದದ್ದನ್ನು ನಾಲ್ಕು ಲೋಟಕ್ಕೆ ಹಂಚಿದೆ. ಗ್ರೇಡರಣ್ಣ ಕುಡಿಯಲಿಲ್ಲ. ಲೋಟದಿಂದ ನಾಲ್ಕು ಹನಿ ಅಂಗೈಗೆ ಬಗ್ಗಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನಾಲಿಗೆಗೆ ಹಚ್ಚಿ, "ಐದು" ಎಂದರು. "ಉಪ್ಪು ಕಮ್ಮಿ ಆಯ್ತು."

ನೆಗಡಿಯಲ್ಲೂ ನನಗೆ ಮೈ ಉರಿಯಿತು. ಮದುವೆಯಾಗಿ ಬಂದ ಮೇಲೆ ನನ್ನ ಅತ್ತೆ ಹಲವು ವಿಷಯದಲ್ಲಿ ಕುಂದು ಕಂಡವರು, ಆದರೆ ನನ್ನ ಸಾರಿನ ವಿಷಯದಲ್ಲಿ ತುಟಿ ಬಿಚ್ಚಿದವರಲ್ಲ. ಮಾರನೆಯ ದಿನ ಹಠಕ್ಕೆ ಬಿದ್ದು ಎರಡು ಲೀಟರಿನ ಫ್ಲಾಸ್ಕು ಹೊತ್ತು ತಂದೆ, ಉಪ್ಪು ಒಂದು ಚಿಟಿಕೆ ಹೆಚ್ಚಾಗಿಯೇ ಹಾಕಿದ್ದೆ. ಅವರು ಅಂಗೈಯಲ್ಲಿ ನೋಡಿದರು, ನೆಕ್ಕಿದರು, "ನಾಲ್ಕು" ಎಂದರು. ಲೋಟ ಖಾಲಿ ಮಾಡಿ ಮತ್ತೆ ನನ್ನ ಮುಂದೆ ನೀಡಿದರು. ಚೆನ್ನಾಗಿದೆ ಎನ್ನುವ ಮಾತು ಅವರ ಬಾಯಲ್ಲಿ ಇರಲೇ ಇಲ್ಲ. ಎರಡನೇ ಸಲ ನೀಡಿದ ಲೋಟವೇ ಆ ಮಾತು.

ಆಮೇಲೆ ಅದೊಂದು ಪದ್ಧತಿಯಾಯಿತು. ಪುನರ್ಪುಳಿ ಸಾರು, ಅಮಟೆಕಾಯಿ ಸಾರು, ಹಲಸಿನ ಬೀಜದ ಸಾರು, ಏನೂ ಇಲ್ಲದ ದಿನ ಬರೀ ಕಾಳುಮೆಣಸಿನದು. ಕಾಕ ಮನೆಯಿಂದ ಬಾಟಲಿಯಲ್ಲಿ ತೆಂಗಿನೆಣ್ಣೆ ತಂದುಕೊಡುವರು. ಸುಳ್ಯದವರು ಒಂದು ಮಾತೂ ಆಡದೆ ಹುರುಳಿಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಹೋಗುವರು. ಗ್ರೇಡರಣ್ಣ ತಮ್ಮ ಹಿತ್ತಿಲಿನ ಗಾಂಧಾರಿ ಮೆಣಸನ್ನು ಪೇಪರಿನಲ್ಲಿ ಸುತ್ತಿ ತರುವರು. ಅವರು ಗ್ರೇಡು ಹೇಳುವವರೆಗೆ ಉಳಿದಿಬ್ಬರು ಲೋಟ ಮುಟ್ಟುತ್ತಿರಲಿಲ್ಲ. ಮೊದಮೊದಲು ತಮಾಷೆಗೆ, ಕ್ರಮೇಣ ಹಾಗೆಯೇ ಆಗಬೇಕು ಎಂಬಂತೆ. ನಾನು ಮನೆಯಲ್ಲಿ ಎಷ್ಟು ಸಲ ರುಚಿ ನೋಡಿದ್ದರೂ ಅವರು ಅಂಗೈ ನೆಕ್ಕುವ ಆ ಗಳಿಗೆಯಲ್ಲಿ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನೋಡುತ್ತಿದ್ದೆ. ಚಿಕ್ಕಪ್ಪನ ಲಾಟಿನ ಸಿಟ್ಟಿಗೆ ಅವರ ಲೋಟವನ್ನು ಕೊನೆಗೆ ತುಂಬಿಸಿ ಸೇಡು ತೀರಿಸಿಕೊಳ್ಳಲು ಹೋದೆ. ಉಳಿದಿಬ್ಬರು ಲೋಟ ಎದುರಿಗಿಟ್ಟುಕೊಂಡು ಅವರಿಗಾಗಿ ಕಾದರು. ನನ್ನ ಸೇಡು ಅಲ್ಲಿಗೇ ಮುಗಿಯಿತು.

ಹೀಗೆ ಐದಾರು ವರ್ಷ ನಡೆಯಿತು. ಒಂದು ದಿನ ಅವರು ಹೊರಗೆ ತೂಕ ಮಾಡಿಸುತ್ತಿದ್ದಾಗ ಅಂಗಡಿಯ ಫೋನು ಬಂತು. ಹೆಂಗಸಿನ ಸ್ವರ.

"ನೀವಾ ಸಾರು ತರುವವರು?" ಎಂದು ಕೇಳಿತು. "ನಾನು ಗ್ರೇಡರ್ ಅವರ ಹೆಂಡತಿ ಮಾತಾಡುದು. ಅವರು ಹತ್ತಿರ ಇದ್ದಾರಾ?"

ಇಲ್ಲವೆಂದೆ.

"ಅವರಿಗೆ ಬಿಪಿ ತುಂಬ ಉಂಟು. ಈಗ ಕಿಡ್ನಿಗೂ ತಾಗಿದೆ ಹೇಳಿದ್ರು ಡಾಕ್ಟ್ರು. ಉಪ್ಪು ಬಿಡ್ಲೇಬೇಕು ಅಂತ. ಮನೆಯಲ್ಲಿ ನಾನು ನೋಡಿಕೊಳ್ತೇನೆ. ಆದ್ರೆ ಅವರು ಹೇಳ್ತಾರೆ, ಮನೆಯದ್ದು ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ, ಮಧ್ಯಾಹ್ನದ ಸಾರೊಂದುಂಟು, ಅದರಲ್ಲಿ ದಿನ ಹೋಗ್ತದೆ ಅಂತ." ಮತ್ತೆ ಹೇಳಿದರು, "ಕೊಡಬೇಡಿ ಅಂತ ಹೇಳುದಿಲ್ಲ ನಾನು. ಉಪ್ಪು ಮಾತ್ರ ಕಮ್ಮಿ ಮಾಡಿ. ನಾನು ಫೋನ್ ಮಾಡಿದ್ದು ಅವರಿಗೆ ಗೊತ್ತಾಗುದು ಬೇಡ. ಗೊತ್ತಾದ್ರೆ ನಿಮ್ಮ ಸಾರನ್ನೂ ಬಿಡ್ತಾರೆ, ಹೋಟ್ಲಿಗೆ ಹೋಗ್ತಾರೆ."

ಅವರೊಬ್ಬರಿಗೆ ಬೇರೆ ಮಾಡಿ ತಂದರೆ ಅವರ ಕಣ್ಣು ತಪ್ಪುವುದಿಲ್ಲ. ಎಲ್ಲರದ್ದಕ್ಕೂ ಕಡಿಮೆ ಮಾಡಬೇಕು. ಉಳಿದಿಬ್ಬರಿಗೆ ಗುಟ್ಟಾಗಿ ಹೇಳಿದೆ. ಸುಳ್ಯದವರು ತಲೆಯಾಡಿಸಿದರು. ಕಾಕ, "ಶೀಟು ಹೊತ್ತು ಬೆವರಿದ್ರೆ ಉಪ್ಪು ಹೇಗೂ ಬಾಯಿಗೆ ಬರ್ತದಲ್ಲ ಅಕ್ಕ" ಎಂದರು. ಅಲ್ಲಿಗೆ ನಾವು ಮೂವರು ಒಂದಾದೆವು, ಅವರೊಬ್ಬರು ಹೊರಗೆ.

ದಿನದಿಂದ ದಿನಕ್ಕೆ ಚೂರುಚೂರೇ ಇಳಿಸಿದೆ. ನಾಲ್ಕು ಹೋಗಿ ಐದಾಯಿತು. ಐದು ಹೋಗಿ ಲಾಟಾಯಿತು. ಲಿಂಬೆ ಹಿಂಡಿದೆ, ಮೆಣಸು ಏರಿಸಿದೆ, ಬೆಳ್ಳುಳ್ಳಿ ದುಪ್ಪಟ್ಟು ಮಾಡಿದೆ. ಅವರ ನಾಲಿಗೆ ಅದಕ್ಕೆಲ್ಲ ಮರುಳಾಗುವಂಥದ್ದಲ್ಲ. "ಎಂತ ಮಾರಾಯ್ರೆ, ಪೆರಾಬೆಯಲ್ಲಿ ಉಪ್ಪು ಸಿಗುದಿಲ್ವಾ ಈಗ?" ಎಂದು ಕೇಳುತ್ತಿದ್ದರು. "ಮರೆತುಹೋಯ್ತು" ಎನ್ನುತ್ತಿದ್ದೆ. ಒಂದು ವರ್ಷ ದಿನವೂ ಮರೆಯುವ ಹೆಂಗಸು ಇರುತ್ತಾಳೆಯೇ? ಅವರು ಮತ್ತೆ ಕೆದಕಿ ಕೇಳಲಿಲ್ಲ. ಒಮ್ಮೊಮ್ಮೆ ಸ್ಕ್ರ್ಯಾಪು ಎಂದೂ ಹೇಳಿದರು. ಆದರೆ ಮೊದಲ ಲೋಟವನ್ನು ಒಂದು ದಿನವೂ ಬಿಡಲಿಲ್ಲ. ಎರಡನೆಯದಕ್ಕೆ ಮಾತ್ರ ಆ ವರ್ಷವಿಡೀ ಕೈ ನೀಡಲಿಲ್ಲ.

ಇನ್ನೊಂದು ಆಯಿತು. ನನ್ನ ಕೈಗೆ ಉಪ್ಪಿನ ಅಂದಾಜೇ ತಪ್ಪಿತು. ಮನೆಗೂ ಅಂಗಡಿಗೂ ಒಂದೇ ಪಾತ್ರೆಯಲ್ಲಿ ಮಾಡುವವಳು ನಾನು, ಎರಡು ಸಲ ಒಲೆ ಹಚ್ಚುವಷ್ಟು ಬೆಳಗಿನ ಹೊತ್ತು ನನಗಿರಲಿಲ್ಲ. ನನ್ನ ಗಂಡ ಊಟಕ್ಕೆ ಕೂರುವಾಗ ಉಪ್ಪಿನ ಡಬ್ಬಿಯನ್ನು ಬಟ್ಟಲಿನ ಪಕ್ಕದಲ್ಲಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಮೊದಲೆಲ್ಲ ಕಲ್ಲುಪ್ಪಿನ ಭರಣಿಗೆ ಕೈ ಹಾಕಿದರೆ ಬೆರಳು ತಾನಾಗಿಯೇ ಲೆಕ್ಕ ಹಿಡಿಯುತ್ತಿತ್ತು. ಈಗ ನಾಲ್ಕು ಹರಳು ಎತ್ತುವಷ್ಟರಲ್ಲಿ ಕೈ ಹಿಂದೆ ಬರುತ್ತಿತ್ತು.

ಮುಂದಿನದನ್ನು ಬರೆಯುವುದು ನನಗೆ ಸುಲಭವಲ್ಲ.

ಆ ವರ್ಷದ ಕೊನೆಗೆ ಅವರ ಕಾಲು ಬಾತುಕೊಂಡು ಚಪ್ಪಲಿಯ ಪಟ್ಟಿ ಹಾಕಲಾಗುತ್ತಿರಲಿಲ್ಲ. ಶೀಟು ಎತ್ತಿ ಹಿಡಿದರೆ ಕೈ ನಡುಗುತ್ತಿತ್ತು. ಒಂದು ಮಧ್ಯಾಹ್ನ ಲಾಟು ಎಂದು ಹೇಳಿ ಲೋಟ ಕೆಳಗಿಟ್ಟವರು, ಎಂದೂ ಇಲ್ಲದೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನಾಳೆ ಕುಡು ಸಾರು ಮಾಡಿ" ಎಂದರು. "ಸರಿ ಉಪ್ಪು ಹಾಕಿ ತನ್ನಿ. ಒಂದು ದಿನಕ್ಕೆ. ಎಂತ ಆಗುದಿಲ್ಲ."

ಆ ಮನುಷ್ಯ ಯಾರಲ್ಲೂ ಏನನ್ನೂ ಕೇಳಿದವರಲ್ಲ. "ತರ್ತೇನೆ" ಎಂದೆ. ಹೇಳುವಾಗ ನಿಜವಾಗಿಯೂ ತರಬೇಕೆಂದೇ ಇತ್ತು.

ಬೆಳಿಗ್ಗೆ ಸಾರು ಕುದಿಯುತ್ತಿತ್ತು. ಭರಣಿಯ ಮುಚ್ಚಳ ತೆಗೆದೆ. ಹಿಡಿಯಲ್ಲಿ ಉಪ್ಪು ಎತ್ತಿಕೊಂಡೆ. ಆಗ ಫೋನಿನಲ್ಲಿ ಕೇಳಿದ ಆ ಹೆಂಗಸಿನ ಸ್ವರ ನೆನಪಾಯಿತು. ನಾನು ಮುಖ ನೋಡದ ಹೆಂಗಸು, ನನ್ನನ್ನು ನಂಬಿ ಕೂತಿರುವವಳು. ಹಿಡಿ ಬಿಚ್ಚಿ ಉಪ್ಪನ್ನು ಭರಣಿಗೇ ಹಾಕಿದೆ. ಎಂದಿನ ನಾಲ್ಕು ಹರಳು ಹಾಕಿ ಫ್ಲಾಸ್ಕು ತುಂಬಿಸಿದೆ.

ಅವರು ಅಂಗೈಗೆ ಬಗ್ಗಿಸಿಕೊಂಡರು. ಬೆಳಕಿಗೆ ಹಿಡಿದರು. ನೆಕ್ಕಿದರು. ನಾನು ಕಂಪ್ಯೂಟರಿನ ಕಡೆ ತಿರುಗಿ ಕುಳಿತಿದ್ದೆ. ಲಾಟು ಎನ್ನಲಿ, ಸ್ಕ್ರ್ಯಾಪು ಎನ್ನಲಿ, ಸುಳ್ಳಿ ಎಂದು ನನ್ನನ್ನು ಬೈಯಲಿ ಎಂದು ಕಾದೆ. ಅವರು ಲೋಟದಲ್ಲಿದ್ದದ್ದನ್ನು ಪೂರ್ತಿ ಕುಡಿದು ಕೆಳಗಿಟ್ಟರು. ಗ್ರೇಡು ಹೇಳಲಿಲ್ಲ. ಕಾಕ ಲೋಟ ಹಿಡಿದುಕೊಂಡು ಅವರ ಬಾಯಿ ನೋಡುತ್ತಿದ್ದರು.

"ಕುಡಿಯಿರಿ, ಆರ್ತದೆ" ಎಂದಷ್ಟೇ ಹೇಳಿ ಬಾಗಿಲಿಗೆ ಹೋಗಿ ನಿಂತರು.

ಮಾರನೆಯ ದಿನ ಅವರು ಕೆಲಸಕ್ಕೆ ಬರಲಿಲ್ಲ. ಉಸಿರು ಕಟ್ಟಿತೆಂದು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ, ಅಲ್ಲಿಂದ ಮಂಗಳೂರಿಗೆ. ನೋಡಲು ಹೋಗಬೇಕೆಂದು ನಾವು ಮೂವರೂ ಎರಡು ಸಲ ದಿನ ಗೊತ್ತು ಮಾಡಿದೆವು. ಒಮ್ಮೆ ಲೋಡು ಬಂತು, ಒಮ್ಮೆ ಐಸಿಯುಗೆ ಬಿಡುವುದಿಲ್ಲ ಎಂದರು. ಮೂರನೆಯ ವಾರ ಒಂದು ಬೆಳಿಗ್ಗೆ ಧಣಿಗಳು ಎಂದಿಗಿಂತ ಬೇಗ ಬಂದು ಕುರ್ಚಿಯಲ್ಲಿ ಕೂರದೆ ನಿಂತೇ ವಿಷಯ ಹೇಳಿದರು.

ಅಂದು ಅಂಗಡಿ ಮುಚ್ಚಿದ್ದೆವು. ಮಾರನೆಯ ದಿನ ಸಾರು ತರಲೋ ಬೇಡವೋ ಎಂದು ಯೋಚಿಸಿ ತಂದೆ. ಅಭ್ಯಾಸದಿಂದ ನಾಲ್ಕು ಲೋಟ ಇಟ್ಟು, ಒಂದನ್ನು ತೆಗೆದು, ಮೂರು ತುಂಬಿಸಿದೆ. ಯಾರೂ ಕೈ ಹಾಕಲಿಲ್ಲ. ಕಾಕ ಕಿಟಕಿಯ ಕಡೆ ನೋಡುತ್ತಿದ್ದರು. ಸುಳ್ಯದವರು ಬುತ್ತಿಯ ಅನ್ನವನ್ನು ಬೆರಳಲ್ಲಿ ಆಚೀಚೆ ಸರಿಸುತ್ತಿದ್ದರು. ಶುರು ಮಾಡುವುದು ಹೇಗೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಸಾರು ತಣಿದು ಮೇಲೆ ಎಣ್ಣೆ ಕಟ್ಟಿತು. ಅದನ್ನು ಹಿಂದಿನ ಚರಂಡಿಗೆ ಚೆಲ್ಲುವಾಗ ನನಗೆ ಅಳು ಬಂತು. ಅಂಗಡಿಯಲ್ಲಿ ನಾನು ಅತ್ತದ್ದು ಅದೊಂದೇ ಸಲ.

ಅವರ ಉತ್ತರಕ್ರಿಯೆಗೆ ನಾಲ್ಕು ದಿನ ಇದೆ ಎನ್ನುವಾಗ ಮತ್ತೆ ಫೋನು ಬಂತು. ಅದೇ ಸ್ವರ, ಒಡೆದಿತ್ತು.

"ಆ ದಿನ ಅವರಿಗೆ ಬಡಿಸುದುಂಟು" ಎಂದರು. "ಅವರಿಗೆ ಇಷ್ಟದ್ದೆಲ್ಲ ಮಾಡಿ ಇಡ್ಬೇಕು. ನಿಮ್ಮ ಕುಡು ಸಾರು ಇಲ್ಲದೆ ಹೇಗೆ ಇಡುದು? ಆದ್ರೆ ಹೊರಗೆ ಮಾಡಿ ತಂದದ್ದು ಆಗುದಿಲ್ಲ. ನೀವು ಬಂದು ನಮ್ಮಲ್ಲಿಯೇ ಮಾಡ್ತೀರಾ?"

ಬರುತ್ತೇನೆ ಎಂದೆ.

"ಸರಿ ಉಪ್ಪು ಹಾಕಿ" ಎಂದರು. "ಬೇಡ ಹೇಳಿದ್ದು ನಾನೇ. ಈಗ ಹಾಕಿ ಹೇಳುದೂ ನಾನೇ."

ನಮ್ಮ ಕಡೆ ಇದು ಇರುವುದೇ ಹೀಗೆ. ತೀರಿಹೋದವರಿಗೆ ಇಷ್ಟವಾದ ಅಡಿಗೆಗಳನ್ನೆಲ್ಲ ಒಳಗಿನ ಕೋಣೆಯಲ್ಲಿ ಬಾಳೆಲೆಗೆ ಬಡಿಸಿ, ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು ಬಾಗಿಲು ತೆರೆಯುತ್ತಾರೆ. ಆಮೇಲೆ ಮನೆಯವರ, ನೆಂಟರ ಊಟ. ನಾನು ನಂಬುತ್ತೇನೆಯೇ ಎಂದು ಕೇಳಿದರೆ ಉತ್ತರ ಗೊತ್ತಿಲ್ಲ. ನನ್ನ ಅಪ್ಪನಿಗೆ ಬಡಿಸಿ ಬಾಗಿಲು ಹಾಕಿದ ದಿನ ನಾನೂ ಕಿವಿಗೊಟ್ಟು ನಿಂತಿದ್ದೆ. ಈ ಸಲ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ತರುತ್ತೇನೆ ಎಂದು ಹೇಳಿ ತಾರದೆ ಹೋದ ಸಾರನ್ನು ಕೊಡಲು ನನಗೆ ಇದೊಂದೇ ಅವಕಾಶ, ಇನ್ನೊಂದಿಲ್ಲ.

ಆ ದಿನ ಮರ್ದಾಳ ದಾಟಿ ನೆಟ್ಟಣಕ್ಕೆ ಹೋಗುವ ಮೊದಲ ಬಸ್ಸು ಹಿಡಿದೆ. ರೈಲು ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ತಗ್ಗಿನ ತಗಡಿನ ಮಾಡಿನ ಮನೆ, ಅಂಗಳದ ಮೂಲೆಯಲ್ಲಿ ಗಾಂಧಾರಿ ಮೆಣಸಿನ ಗಿಡ. ಅವರ ಹೆಂಡತಿಯನ್ನು ನಾನು ಮೊದಲ ಬಾರಿಗೆ ನೋಡಿದ್ದು ಆಗ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ನಾನು ಎಣಿಸಿದ್ದಕ್ಕಿಂತ ತೆಳ್ಳಗೆ. ನನ್ನ ಎರಡೂ ಕೈ ಹಿಡಿದುಕೊಂಡರು. ಸ್ನಾನ ಮಾಡಿ ಬರಲು ಬಿಸಿನೀರು ತೋರಿಸಿದರು.

ಅಡಿಗೆಮನೆಯಲ್ಲಿ ಗ್ರೇಡರಣ್ಣನ ಅಕ್ಕ ಇದ್ದರು, ಎಂಬತ್ತರ ಹತ್ತಿರದವರು, ಮಣೆಯ ಮೇಲೆ ಕುಳಿತು ಎಲ್ಲವನ್ನೂ ನಡೆಸುತ್ತಿದ್ದರು. ನಾನು ಒಲೆಯ ಮುಂದೆ ನಿಂತದ್ದೇ ಹೇಳಿದರು.

"ರುಚಿ ನೋಡ್ಲಿಕ್ಕಿಲ್ಲ ಆಯ್ತಾ ಮಗಾ. ಮೊದ್ಲು ಅವನು ತಿನ್ನಬೇಕು. ಆಮೇಲೆ ನಾವು."

ಆ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲೂ ಹಾಗೆಯೇ. ನಾಲ್ಕು ದಿನ ಹುರುಳಿಯ ಬಗ್ಗೆ, ಬೆಳ್ಳುಳ್ಳಿಯ ಬಗ್ಗೆ, ಬಸ್ಸಿನ ಬಗ್ಗೆ ಯೋಚಿಸಿದವಳು ಇದೊಂದನ್ನು ಮರೆತಿದ್ದೆ. ನನ್ನ ಕೈಯ ಅಂದಾಜು ಹೋಗಿ ವರ್ಷವಾಗಿದೆ, ನಾಲಿಗೆಯೊಂದೇ ಗತಿ ಎಂದುಕೊಂಡು ಬಂದಿದ್ದೆ. ಇಲ್ಲಿ ಅದನ್ನೂ ಕಟ್ಟಿಹಾಕಿದರು. ಅಂಗಡಿಯಲ್ಲೂ ಮೊದಲು ಅವರೇ ಅಲ್ಲವೇ ಎಂದು ಮನಸ್ಸಿಗೆ ಬಂತು, ಆದರೆ ಅಲ್ಲಿ ನಾನು ಮನೆಯಿಂದ ನೂರು ಸಲ ನೆಕ್ಕಿ ನೋಡಿಯೇ ಹೋಗುತ್ತಿದ್ದೆ.

ಹುರುಳಿ ಬೆಂದಿತು. ನೀರು ಬಸಿದೆ, ಕಾಳು ಅರೆದೆ, ಹುಳಿ ಹಿಂಡಿದೆ. ಬಣ್ಣ ಸರಿ ಇತ್ತು, ದಪ್ಪವೂ ಸರಿ ಇತ್ತು. ಅಂಗಳದ ಗಿಡದಿಂದ ಅವರ ಹೆಂಡತಿ ತಂದುಕೊಟ್ಟ ಮೆಣಸನ್ನು ಜಜ್ಜಿ ಹಾಕಿದೆ. ಉಪ್ಪಿನ ಭರಣಿ ಹತ್ತಿರಕ್ಕೆ ಎಳೆದುಕೊಂಡೆ. ಆಗ ಹೊರಗಿನಿಂದ ಯಾರೋ, "ಅಂಗಡಿಯವರು ಬಂದ್ರು" ಎಂದರು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಕಾಕ ಮತ್ತು ಸುಳ್ಯದವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಶೀಟಿನ ಕಲೆ ಇಲ್ಲದ ಬಟ್ಟೆಯಲ್ಲಿ ಅವರನ್ನು ನಾನು ಕಂಡದ್ದೇ ಇಲ್ಲ. ಕಾಕನ ಕೈಯಲ್ಲಿ ತೆಂಗಿನೆಣ್ಣೆಯ ಬಾಟಲಿ ಇತ್ತು, ಯಾವಾಗಿನ ಹಾಗೆ. ಅದನ್ನು ಕಂಡು ನನಗೆ ಕಣ್ಣು ಮಂಜಾಯಿತು. ಹೊರಗೆ ಹೋಗಿ ಎಣ್ಣೆ ತೆಗೆದುಕೊಂಡೆ, ಕುಳಿತುಕೊಳ್ಳಿ ಎಂದೆ, ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಬಂದೆ.

ಸಾರು ಕುದಿಯುತ್ತಿತ್ತು. ಭರಣಿಯ ಮುಚ್ಚಳ ತೆಗೆದೇ ಇತ್ತು. ಉಪ್ಪು ಹಾಕಿದೆನೋ ಇಲ್ಲವೋ, ನನಗೆ ನೆನಪಾಗಲಿಲ್ಲ.

ಬೆರಳು ನೋಡಿಕೊಂಡೆ. ಒದ್ದೆ ಇತ್ತು, ಅದು ಕಣ್ಣೊರೆಸಿದ ಒದ್ದೆಯೂ ಇರಬಹುದು. ಸೌಟಿನಲ್ಲಿ ಎತ್ತಿ ನೋಡಿದೆ. ಕರಗಿದ ಉಪ್ಪನ್ನು ಕಣ್ಣಿನಲ್ಲಿ ಕಾಣುವ ವಿದ್ಯೆ ಯಾರಿಗಿದೆ? ಒಂದು ಹನಿ ನಾಲಿಗೆಗೆ ಮುಟ್ಟಿಸಿದ್ದರೆ ಮುಗಿಯುತ್ತಿತ್ತು. ಅಕ್ಕ ಬೇರೆ ಕಡೆ ತಿರುಗಿದ್ದರು. ಅವರಿಗೆ ಕಾಣುತ್ತಿರಲಿಲ್ಲ. ಆದರೆ ಆ ಮನುಷ್ಯನಿಗೆ ತರುತ್ತೇನೆ ಎಂದು ಹೇಳಿ ನಾನು ಒಮ್ಮೆ ಮೋಸ ಮಾಡಿ ಆಗಿತ್ತು. ಎರಡನೆಯ ಸಲ, ಅದೂ ಅವರ ಅಡಿಗೆಮನೆಯಲ್ಲಿ, ನನ್ನಿಂದ ಆಗಲಿಲ್ಲ.

"ನಾನು ಉಪ್ಪು ಹಾಕಿದ್ದು ನೋಡಿದ್ರಾ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ಇಲ್ಲ, ನಾನು ಎಲೆ ತೊಳೀತಿದ್ದೆ" ಎಂದರು.

ಹಾಕಿ ಆಗಿದ್ದು, ಮತ್ತೆ ಹಾಕಿದರೆ ಬಾಯಿಗಿಡಲಾಗದಷ್ಟು ಆಗುತ್ತದೆ. ಹಾಕದೆ ಇದ್ದು, ಹಾಗೆಯೇ ಬಿಟ್ಟರೆ, ಇಂದೂ ಅವರ ಮುಂದೆ ಉಪ್ಪಿಲ್ಲದ್ದನ್ನೇ ಇಟ್ಟಂತಾಗುತ್ತದೆ. ಇವೆರಡರಲ್ಲಿ ಯಾವ ತಪ್ಪನ್ನು ಹೊತ್ತುಕೊಂಡು ಮನೆಗೆ ಹೋಗಬಲ್ಲೆ ಎಂದು ನನ್ನನ್ನೇ ಕೇಳಿಕೊಂಡೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಭರಣಿಗೆ ಕೈ ಹಾಕಿ ಹಿಡಿ ತುಂಬ ತೆಗೆದು ಹಾಕಿದೆ.

ಕಾಕನ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟೆ. ಒಳಕೋಣೆಯ ಎಲೆಯಲ್ಲಿ ಅನ್ನ, ಕೋಳಿ, ಮೀನು, ಪಲ್ಯ ಎಲ್ಲ ಬಡಿಸಿದ ಮೇಲೆ, ಎಲೆಯ ಬಲಕ್ಕೆ ಅವರು ಅಂಗಡಿಯಲ್ಲಿ ಕುಡಿಯುತ್ತಿದ್ದ ಸ್ಟೀಲಿನ ಲೋಟ ಇಟ್ಟೆ. ಅದನ್ನು ನಾನು ತಂದಿದ್ದೆ. ಅಕ್ಕ ತಮ್ಮನ ಹೆಸರು ಕರೆದು, ಬಂದು ಉಂಡು ಹೋಗು ಎಂದು ತುಳುವಿನಲ್ಲಿ ಹೇಳಿದರು. ಬಾಗಿಲು ಎಳೆದೆವು. ಎಲ್ಲರೂ ಚಾವಡಿಯಲ್ಲಿ ನಿಂತಿದ್ದೆವು. ನಿಲ್ದಾಣದಲ್ಲಿ ಗಾಡಿಯೊಂದು ಬಂದು ನಿಂತು, ಹೊರಟು ಹೋದದ್ದು ಕೇಳಿಸಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಅಕ್ಕ ಬಾಗಿಲು ತೆರೆದರು.

ಊಟಕ್ಕೆ ಕುಳಿತೆವು. ನಾನೇ ಲೋಟಗಳಿಗೆ ಸಾರು ಹಾಕಿಕೊಂಡು ಬಂದೆ. ನನ್ನದನ್ನು ಒಂದು ಗುಟುಕು ಕುಡಿದೆ.

ಬಾಯಿ ಕಹಿಯಾಗುವಷ್ಟು ಉಪ್ಪು. ಮೊದಲೇ ಹಾಕಿದ್ದೆ, ಸಂಶಯವಿರಲಿಲ್ಲ. ಕಾಕ ಒಂದು ಗುಟುಕು ಕುಡಿದು ಲೋಟ ನೋಡಿದರು, ನನ್ನನ್ನು ನೋಡಲಿಲ್ಲ, ಮತ್ತೊಂದು ಗುಟುಕು ಕುಡಿದರು. ಸುಳ್ಯದವರು ಕಣ್ಣು ಮುಚ್ಚಿ ಒಂದೇ ಸಲಕ್ಕೆ ಮುಗಿಸಿದರು. ನೆಂಟರಲ್ಲಿ ಒಬ್ಬರು ಕೆಮ್ಮಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮುಖ ತಗ್ಗಿಸಿ ಕುಳಿತೆ.

ಅವರ ಹೆಂಡತಿ ನನ್ನ ಎದುರಿನ ಸಾಲಿನಲ್ಲಿದ್ದರು. ಲೋಟ ಎತ್ತಿ ನಿಧಾನವಾಗಿ ಕುಡಿದರು. ನಿಲ್ಲಿಸಿದರು. ಮತ್ತೆ ಕುಡಿದರು. ಕಣ್ಣಿನಲ್ಲಿ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಒಂದು ವರ್ಷದ್ದು ಒಟ್ಟಿಗೆ ಹಾಕಿದ್ದೀರಿ ನೀವು" ಎಂದರು.

ಕ್ಷಮಿಸಿ ಎಂದೆ. ಅವರು ಹಾಗಲ್ಲವೆಂದು ತಲೆಯಾಡಿಸಿದರು.

"ನಾನೂ ಉಪ್ಪು ತಿನ್ನದೆ ಒಂದು ವರ್ಷ ಆಯ್ತು" ಎಂದರು. "ಅವರಿಗೆ ಇಲ್ಲದ್ದನ್ನು ಎದುರು ಕೂತು ಹೇಗೆ ತಿನ್ನುದು."

ಆಮೇಲೆ ಖಾಲಿ ಲೋಟವನ್ನು ನನ್ನ ಮುಂದಕ್ಕೆ ನೀಡಿದರು. ನಾನು ಎದ್ದು ಹೋಗಿ ಸಾರಿನ ಪಾತ್ರೆ ತಂದೆ.